ವಿಶ್ರಾಂತಿಯಿಂದ ಶುರುವಾಗುವ ವರ್ಷ

ಕೊಂಕಣ ಕರಾವಳಿಯ ಹಳ್ಳಿಗಳಲ್ಲಿ ಹಿಂದೆ ಶನಿವಾರ ಗಾಣ ಕಟ್ಟದ ಎಣ್ಣೆಯವರಿದ್ದರು. ಸುತ್ತಲಿನವರು ಅವರನ್ನು ಶನಿವಾರ ತೇಲಿ ಎಂದೇ ಕರೆಯುತ್ತಿದ್ದರು. ಅವರು ಬೇನೆ ಇಸ್ರೇಲ್ ಯಹೂದಿಗಳು. ಮಾತು ಮರಾಠಿಯಾಯಿತು, ಉಡುಗೆ ತೊಡುಗೆ ನೆರೆಯವರದೇ ಆಯಿತು; ವಾರಕ್ಕೊಂದು ದಿನ ಕೆಲಸ ಮುಟ್ಟದ ವ್ರತವನ್ನು ಮಾತ್ರ ತಲೆತಲಾಂತರ ಬಿಡಲಿಲ್ಲ. ಥಾಣೆಯ ಟೆಂಭಿ ನಾಕಾದಲ್ಲಿ 1879ರಲ್ಲಿ ಅವರು ಕಟ್ಟಿದ ಪ್ರಾರ್ಥನಾ ಮಂದಿರ ಈಗಲೂ ಇದೆ. ಅಲ್ಲಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ಮಾಸುಂದಾ ಕೆರೆಯ ಬಳಿ, ಪೋರ್ಚುಗೀಸರ ಕಾಲದಿಂದ ಬಂದ ಸ್ನಾನಿಕ ಯೊವಾನ್ನರ ಇಗರ್ಜಿ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಸಿಗಲೆಂದು ವರ್ಷಗಟ್ಟಲೆ ಹೋರಾಡಿ 1890ರಲ್ಲಿ ಅದನ್ನು ದಕ್ಕಿಸಿಕೊಟ್ಟ ನಾರಾಯಣ ಮೇಘಾಜಿ ಲೋಖಂಡೆ ಹುಟ್ಟಿದ್ದೂ ಇದೇ ಥಾಣೆಯಲ್ಲಿ. ಅವರು ಜೋತಿರಾವ್ ಫುಲೆಯವರ ಬಳಗದವರು. ಬಿಡುವಿಗಾಗಿ ಇಷ್ಟು ಹಟ ಹಿಡಿದವರೆಲ್ಲ ಒಂದೇ ಊರಿನ ನೆನಪಿನಲ್ಲಿ ಸೇರಿರುವುದು ನನಗೆ ಪ್ರತಿ ಸಲವೂ ಬೆರಗು.

ಇದೇ ಥಾಣೆಗೆ 1853ರಲ್ಲಿ ದೇಶದ ಮೊದಲ ಪ್ರಯಾಣಿಕರ ರೈಲು ಬಂತು. ಆ ಹಳಿಯ ಮುಂದಿನ ಊರುಗಳಾದ ಡೊಂಬಿವಲಿ, ಕಲ್ಯಾಣ್‌ಗಳಲ್ಲಿ ಕರಾವಳಿಯಿಂದ ಬಂದ ನಮ್ಮಂಥವರ ಬದುಕೆಲ್ಲ ಲೋಕಲ್ ಗಾಡಿಯ ವೇಳೆಗೆ ಕಟ್ಟಿಹೋಗಿದೆ. ಸೀಟು ಸಿಗಲಿ ಎಂದು ಎದುರು ದಿಕ್ಕಿಗೆ ಹತ್ತಿ ಕೂತು ಮರಳುವವರಿದ್ದಾರೆ. ಇಲ್ಲಿ ವಿಶ್ರಾಂತಿ ಯಾವಾಗಲೂ ಆಮೇಲಿನ ಮಾತು. ಮನೆ ಸಾಲ ತೀರಲಿ, ಮಗಳ ಮದುವೆಯಾಗಲಿ, ರಿಟೈರ್ ಆಗಲಿ, ಆಮೇಲೆ ಊರಿಗೆ ಹೋಗಿ ಆರಾಮಾಗಿ ಇದ್ದುಬಿಡೋಣ.

ಬೈಬಲ್ಲಿನ ಮೊದಲ ಪುಟಗಳು ಈ ಲೆಕ್ಕವನ್ನೇ ತಲೆಕೆಳಗು ಮಾಡುತ್ತವೆ. ಆದಿಕಾಂಡದಲ್ಲಿ ಮನುಷ್ಯ ಹುಟ್ಟಿದ್ದು ಆರನೆಯ ದಿನ, ದೇವರು ವಿಶ್ರಮಿಸಿದ್ದು ಏಳನೆಯ ದಿನ. ದೇವರಿಗೆ ಅದು ದುಡಿದ ಮೇಲಿನ ಬಿಡುವು. ಮನುಷ್ಯನಿಗೋ, ಕಣ್ಣುಬಿಟ್ಟ ಮೇಲೆ ಸಿಕ್ಕ ಮೊದಲ ಇಡೀ ದಿನ. ಒಂದು ಹುಲ್ಲುಕಡ್ಡಿಯನ್ನೂ ಎತ್ತಿಡದವನಿಗೆ ರಜೆ! ಅಲ್ಲಿ ದಿನ ಮೊದಲಾಗುವುದೂ ಸಂಜೆಯಿಂದ. ನಾವು ಎದ್ದು ಮುಖ ತೊಳೆಯುವ ಹೊತ್ತಿಗೆ ಅರ್ಧ ದಿನ ನಮ್ಮ ನೆರವಿಲ್ಲದೆಯೇ ಸಾಗಿರುತ್ತದೆ. ಯೇಸುಸ್ವಾಮಿ ಸಾವಿನಿಂದ ಎದ್ದುಬಂದ ದಿನವೆಂದು ಕ್ರೈಸ್ತರು ವಾರದ ಮೊದಲ ದಿನವನ್ನೇ ಆರಾಧನೆಗೆ ಇಟ್ಟುಕೊಂಡರು. ಅಂದರೆ ನಮ್ಮ ವಾರವೂ ಬಿಡುವಿನಿಂದಲೇ ಶುರು.

ವರ್ಷವೂ ಹಾಗೆಯೇ. ಡಿಸೆಂಬರ್ 31ರ ರಾತ್ರಿ ಬಲಿಪೂಜೆಗೆ ಬರುವವರನ್ನು ನೋಡಬೇಕು. ಕೆಲವರು ಸ್ಟೇಷನ್ನಿನಿಂದ ನೇರ ಬಂದಿರುತ್ತಾರೆ, ಕೈಯಲ್ಲಿ ಇನ್ನೂ ಟಿಫಿನ್ ಚೀಲ. ಒಮ್ಮೆ ನನ್ನ ಮುಂದಿನ ಬೆಂಚಿನಲ್ಲಿ ಕೂತಿದ್ದ ಹೆಂಗಸು ಪ್ರವಚನ ಶುರುವಾಗುತ್ತಲೇ ನಿದ್ದೆಹೋದರು. ಚೀಲದ ಪಟ್ಟಿ ಮಣಿಕಟ್ಟಿಗೆ ಎರಡು ಸುತ್ತು. ರೈಲಿನಲ್ಲಿ ತೂಕಡಿಸುವವರ ಅಭ್ಯಾಸ ಅದು. ಪಕ್ಕದವರು ಅವರ ತಲೆಗೆ ಹೆಗಲು ಕೊಟ್ಟು ಅಲ್ಲಾಡದೆ ಕೂತರು. ಎಲ್ಲರೂ ಎದ್ದು ನಿಂತಾಗಲೂ ಇಬ್ಬರೂ ಏಳಲಿಲ್ಲ. ಅಂದಿನ ಪ್ರವಚನದ ಒಂದು ಮಾತೂ ನನಗೆ ನೆನಪಿಲ್ಲ, ಆ ನಿದ್ದೆ ನೆನಪಿದೆ. ಹೊತ್ತಿಗೆ ಮುಂಚೆ ಎದ್ದು ತಡವಾಗಿ ಮಲಗುವವರನ್ನು ಕಂಡು ಮರುಗುವ 127ನೇ ಕೀರ್ತನೆ, ದೇವರು ತನ್ನ ಪ್ರಿಯರಿಗೆ ಕೊಡುವ ನಿದ್ದೆಯ ಮಾತಾಡುತ್ತದೆ. ಅದು ಇಂಥವರಿಗಾಗಿಯೇ ಇರಬೇಕು.

ಜನವರಿ 1 ಕಥೋಲಿಕರಿಗೆ ದೇವಮಾತೆ ಮರಿಯಮ್ಮನವರ ಹಬ್ಬ, ಕ್ರಿಸ್ಮಸ್ಸಿನಿಂದ ಎಂಟನೆಯ ದಿನ. ಲೂಕರ ಪ್ರಕಾರ ಮಗುವಿಗೆ ಹೆಸರಿಟ್ಟದ್ದು ಅಂದೇ. ಎಂಟು ದಿನದ ಕೂಸು ಏನು ಮಾಡೀತು? ಹಾಲು ಕುಡಿದು ತಾಯ ಮಡಿಲಲ್ಲಿ ಮಲಗುತ್ತದೆ. ಸಂಕಲ್ಪಗಳ ಪಟ್ಟಿ ಹಿಡಿದು ಬಂದ ನಮ್ಮೆದುರು ಹೊಸ ವರ್ಷ ಈ ಕೂಸನ್ನು ತಂದು ಮಲಗಿಸುತ್ತದೆ. ಏನನ್ನೂ ಸಾಧಿಸದೆ ಪ್ರೀತಿಗೆ ಪಾತ್ರರಾಗಿ ಇರಬಹುದೆಂದು ನನ್ನ ಮನಸ್ಸು ಒಪ್ಪುವುದು ಆಗಲೇ.

2ನೇ ತಾರೀಖು ಮತ್ತೆ ಅದೇ ಗಾಡಿ, ಅದೇ ನೂಕುನುಗ್ಗಲು. ದಣಿದವರನ್ನು ಹತ್ತಿರ ಕರೆಯುವ ಯೇಸುಸ್ವಾಮಿ ಮತ್ತಾಯನ 11ನೇ ಅಧ್ಯಾಯದಲ್ಲಿ ಕೊಡುವುದೂ ಒಂದು ನೊಗವನ್ನೇ. ನೊಗಕ್ಕೆ ಎರಡು ಹೆಗಲು ಬೇಕು; ಇನ್ನೊಂದು ಹೆಗಲು ಅವರದೇ ಎಂದು ನಂಬಿ ನಾನು ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುತ್ತೇನೆ.

ವಿಮೋಚನಾಕಾಂಡದ 20ನೇ ಅಧ್ಯಾಯವನ್ನು ಈ ಸಲ ನಿಧಾನವಾಗಿ ಓದಿದೆ. ಬಿಡುವಿನ ದಿನದ ಆಜ್ಞೆ ಮನೆಯ ಯಜಮಾನನಿಗಷ್ಟೇ ನಿಲ್ಲುವುದಿಲ್ಲ. ಆಳು, ದಾಸಿ, ದನಕರು, ಊರಿಗೆ ಬಂದ ಪರದೇಶಿ, ಎಲ್ಲರೂ ಅದರಲ್ಲಿದ್ದಾರೆ. ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಮಾವ್ಶಿಗೆ ಭಾನುವಾರವೂ ಕೆಲಸವಿತ್ತು. ಜನವರಿಯಿಂದ ಭಾನುವಾರ ಬರಬೇಡಿ ಎಂದಾಗ ಅವರ ಮುಖ ಸಣ್ಣಗಾಯಿತು. ಪಗಾರ ಕಡಿಮೆಯಾಗುವುದಿಲ್ಲ ಎಂದು ಎರಡು ಸಲ ಹೇಳಬೇಕಾಯಿತು. ಆಮೇಲೆ ಅವರು, ಹಾಗಾದರೆ ಅಂಬರನಾಥಕ್ಕೆ ಹೋಗಿ ಮೊಮ್ಮಗನನ್ನು ನೋಡಿಕೊಂಡು ಬರುತ್ತೇನೆ ಎಂದರು.