ಸೋರದ ಮಾಡು ಯಾವುದು?

ಮನೆ ಕಟ್ಟಲು ಹೊರಟವರು ನಮ್ಮ ಕರಾವಳಿಯಲ್ಲಿ ಮೊದಲು ಕೇಳುವ ಪ್ರಶ್ನೆ ಮಾಡಿನ ಬಗ್ಗೆ. ಹಂಚೋ, ತಾರಸಿಯೋ, ಶೀಟೋ? ಯಾವುದು ಹೆಚ್ಚು ಬಾಳಿಕೆ ಬರುತ್ತದೆ? ಇದು ಮೇಸ್ತ್ರಿಗೋ ಎಂಜಿನಿಯರಿಗೋ ಕೇಳಬೇಕಾದ ಪ್ರಶ್ನೆ ಎಂದು ನಾವು ಭಾವಿಸಿದ್ದೇವೆ. ಆದರೆ 'ಬಾಳಿಕೆ' ಎಂದರೇನು ಎಂಬುದನ್ನು ಸ್ವಲ್ಪ ಯೋಚಿಸಿದರೆ, ಈ ಪ್ರಶ್ನೆ ಸಿಮೆಂಟು, ಮಣ್ಣುಗಳ ಮಟ್ಟದಲ್ಲೇ ನಿಲ್ಲುವುದಿಲ್ಲ. ನಾವು ಬದುಕುವ ರೀತಿಯನ್ನೇ ಅದು ಪ್ರಶ್ನಿಸತೊಡಗುತ್ತದೆ.

ನಮ್ಮ ಮಳೆ ಸಾಮಾನ್ಯ ಮಳೆಯಲ್ಲ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ಜೊತೆಗೆ ಗಾಳಿ, ಗಾಳಿಯಲ್ಲಿ ಸಮುದ್ರದ ಉಪ್ಪು. ಮಳೆ ಬಿಟ್ಟ ಮೇಲೆ ಸುಡುವ ಬಿಸಿಲು. ಇಂತಹ ನಾಡಿನಲ್ಲಿ ನೀರನ್ನು ತಡೆದು ನಿಲ್ಲಿಸುತ್ತೇನೆಂದು ಹೊರಟ ಮಾಡು ಬೇಗ ಸೋಲುತ್ತದೆ. ನೀರಿಗೆ ಹೋಗಲು ದಾರಿ ಬಿಟ್ಟುಕೊಟ್ಟ ಮಾಡು ಉಳಿಯುತ್ತದೆ. ನಮ್ಮ ಹಿರಿಯರು ಇದನ್ನು ಪುಸ್ತಕದಿಂದ ಕಲಿತದ್ದಲ್ಲ. ಮಳೆಯೇ ಅವರಿಗೆ ಕಲಿಸಿತು.

ಮಳೆ ಜಾತಿ ಮತ ಕೇಳಿ ಪಾಠ ಹೇಳುವುದಿಲ್ಲ. 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಿ. ಅದಕ್ಕಿರುವುದು ಮೇಲೆ ಮೇಲೆ ಇಳಿಜಾರಾಗಿ ಏರಿದ ಮಾಡು. ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನದಲ್ಲಿ ಕಲ್ಲಿನ ಚಪ್ಪಡಿಗಳನ್ನೇ ಇಳಿಜಾರಾಗಿ ಹೊದಿಸಿದ್ದಾರೆ. ಕಲ್ಲಿಕೋಟೆಯ ಮಿಶ್ಕಾಲ್ ಪಳ್ಳಿಗೆ ಗುಮ್ಮಟವಿಲ್ಲ, ಮಿನಾರವಿಲ್ಲ. 1510ರಲ್ಲಿ ಪೋರ್ಚುಗೀಸರ ದಾಳಿಗೆ ತುತ್ತಾಗಿ ಮತ್ತೆ ಎದ್ದು ನಿಂತ ಆ ಪಳ್ಳಿಗೂ ಇರುವುದು ಮರದ ಅಟ್ಟಣಿಗೆಗಳು ಮತ್ತು ಇಳಿಜಾರು ಮಾಡು. ಜೈನರ ಬಸದಿ, ಹಿಂದೂಗಳ ದೇವಸ್ಥಾನ, ಮುಸ್ಲಿಮರ ಪಳ್ಳಿ ಈ ಕರಾವಳಿಯಲ್ಲಿ ದೂರದಿಂದ ನೋಡಿದರೆ ಅಣ್ಣ ತಮ್ಮಂದಿರಂತೆ ಕಾಣುವುದು ಯಾರದೋ ಔದಾರ್ಯದಿಂದಲ್ಲ. ಒಂದೇ ಮಳೆಯಡಿ, ಒಂದೇ ಬಡಗಿಯ ಕೈಯಿಂದ ಎದ್ದು ನಿಂತದ್ದರಿಂದ.

ಇನ್ನು ಹಂಚಿಗೆ ಬರೋಣ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿತು. ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಮಣ್ಣು 'ಮಂಗಳೂರು ಹಂಚು' ಎಂಬ ಹೆಸರಿನಲ್ಲಿ ಹಡಗೇರಿ ಹೊರನಾಡುಗಳಿಗೂ ಹೋಯಿತು. ಆ ಹಂಚಿನ ಗುಣ ಅದರ ಗಟ್ಟಿತನ ಮಾತ್ರವಲ್ಲ. ಕೈ ಜಾರಿದರೆ ಒಡೆಯುವ ವಸ್ತು ಅದು. ಅದರ ಗುಣವಿರುವುದು ಜೋಡಣೆಯಲ್ಲಿ. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರುತ್ತದೆ. ಮೇಲಿನದು ಕೆಳಗಿನದರ ಮೇಲೆ ಚಾಚಿರುತ್ತದೆ. ಸಾಕಷ್ಟು ಇಳಿಜಾರಿದ್ದರೆ ನೀರು ಒಂದು ಹಂಚಿನಿಂದ ಇನ್ನೊಂದಕ್ಕೆ ಹರಿದು ಸೂರಿನಿಂದ ಕೆಳಗಿಳಿಯುತ್ತದೆ. ಹಂಚುಗಳ ನಡುವಿನ ಸಂದಿಯಲ್ಲಿ ಗಾಳಿಯಾಡುವುದರಿಂದ ಪಕಾಸು, ರೀಪುಗಳು ಒಣಗುತ್ತವೆ. ಒಂದು ಹಂಚು ಒಡೆದರೆ ಆ ಒಂದನ್ನು ತೆಗೆದು ಬೇರೆ ಇಟ್ಟರೆ ಸಾಕು, ಇಡೀ ಮಾಡನ್ನು ಕೀಳಬೇಕಾಗಿಲ್ಲ.

ಇದಕ್ಕೂ ಹಿಂದೆ ಇದ್ದದ್ದು ಮುಳಿಹುಲ್ಲಿನ ಮಾಡು, ತೆಂಗಿನ ಮಡಲಿನ ಮಾಡು. ಅವುಗಳ ಆಯುಷ್ಯ ಒಂದೆರಡು ಮಳೆಗಾಲ. ಮಳೆಗೆ ಮುಂಚೆ ನೆರೆಹೊರೆಯವರು ಸೇರಿ ಇಂದು ಇವರ ಮನೆಯದು, ನಾಳೆ ಅವರ ಮನೆಯದು ಎಂದು ಹೊದಿಸುತ್ತಿದ್ದರು. ಹುಲ್ಲು ಒಂದು ವರ್ಷ ಬಾಳಿತು, ಮನೆ ತಲೆಮಾರುಗಳ ಕಾಲ ಬಾಳಿತು. ಹಾಗಾದರೆ ಬಾಳಿಕೆ ಬಂದದ್ದು ಯಾವುದು?

ಗ್ರೀಕರಲ್ಲಿ ಒಂದು ಹಳೆಯ ಜಿಜ್ಞಾಸೆ ಇದೆ. ಥೀಸಿಯಸ್ ಎಂಬ ವೀರನ ಹಡಗನ್ನು ಅಥೆನ್ಸಿನವರು ಕಾಪಾಡಿಕೊಂಡು ಬಂದರು. ಹಲಗೆ ಕೊಳೆತಂತೆಲ್ಲ ಹೊಸ ಹಲಗೆ ಜೋಡಿಸಿದರು. ಎಲ್ಲ ಹಲಗೆಗಳೂ ಬದಲಾದ ಮೇಲೆ ಅದು ಅದೇ ಹಡಗೇ, ಬೇರೆಯೇ ಎಂದು ತತ್ವಜ್ಞಾನಿಗಳು ವಾದ ಮಾಡಿದರು. ನೂರು ವರ್ಷದ ಹಂಚಿನ ಮನೆಯಲ್ಲಿ ಇರುವವರಿಗೆ ಈ ಒಗಟು ಅಷ್ಟೇನೂ ಕಷ್ಟದ್ದಲ್ಲ. ಹಂಚುಗಳೂ ರೀಪುಗಳೂ ಎಷ್ಟೋ ಬಾರಿ ಬದಲಾಗಿವೆ. ಆದರೂ ಅದು ಅಜ್ಜನ ಮನೆಯೇ. ಅಲ್ಲಿ ಬಾಳಿಕೆ ಬಂದದ್ದು ವಸ್ತುವಲ್ಲ, ಅದನ್ನು ನೋಡಿಕೊಳ್ಳುವ ಮನಸ್ಸು.

ತಾರಸಿ ಮನೆ ಕಟ್ಟಿದವರನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ತಾರಸಿಗೆ ಒಲಿದದ್ದಕ್ಕೆ ನಮಗೆ ಸಕಾರಣಗಳಿವೆ. ಒಳ್ಳೆಯ ಮರ ದುಬಾರಿಯಾಯಿತು. ಗೆದ್ದಲಿನ ಕಾಟ, ಮಂಗಗಳ ಹಾವಳಿ ಬೇರೆ. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಮಾಡು ಹತ್ತುವ ಕೆಲಸದವರು ಸಿಗುವುದಿಲ್ಲ. ಗಂಡಸರು ಗಲ್ಫಿನಲ್ಲಿದ್ದು, ಮನೆಯಲ್ಲಿ ಹೆಂಗಸರು, ಮಕ್ಕಳು, ವೃದ್ಧರು ಮಾತ್ರ ಇರುವಾಗ, 'ಒಮ್ಮೆ ಕಟ್ಟಿದರೆ ಮುಗಿಯಿತು' ಎಂಬ ಮಾಡು ಬೇಕೆನಿಸುವುದು ಸಹಜ.

ಆದರೆ ಒಮ್ಮೆ ಕಟ್ಟಿದರೆ ಮುಗಿಯಿತೇ? ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ಕರಾವಳಿಯ ಉಪ್ಪುಗಾಳಿ ದೊಡ್ಡ ಶತ್ರು. ಸರಳಿನ ಮೇಲೆ ಸಾಕಷ್ಟು ದಪ್ಪದ ಕಾಂಕ್ರೀಟು ಇಲ್ಲದಿದ್ದರೆ, ಉಪ್ಪಿನಂಶದ ಮರಳು ಬಳಸಿದ್ದರೆ, ತಾರಸಿಯಲ್ಲಿ ನೀರು ನಿಲ್ಲುವಂತಿದ್ದರೆ, ಬಿರುಕಿನಿಂದ ಇಳಿದ ನೀರು ಕಬ್ಬಿಣವನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಹಲವು ಪಟ್ಟು ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಒಡೆಯುತ್ತದೆ. ಇಂದು ನಮ್ಮ ಊರುಗಳಲ್ಲಿ ಎಷ್ಟೋ ತಾರಸಿಗಳ ಮೇಲೆ ಮತ್ತೊಂದು ಇಳಿಜಾರು ಶೀಟಿನ ಮಾಡು ಎದ್ದಿದೆ. ಮಾಡಿಗೂ ಒಂದು ಮಾಡು! ಮಳೆ ತನ್ನ ಹಳೆಯ ಪಾಠವನ್ನೇ ನಮಗೆ ಮತ್ತೆ ಒಪ್ಪಿಸಿದೆ.

ಇಲ್ಲೊಂದು ಮುಖ್ಯ ವ್ಯತ್ಯಾಸವಿದೆ. ಹಂಚು ಒಡೆದರೆ ಸಾಮಾನ್ಯವಾಗಿ ಅದೇ ರಾತ್ರಿ ಹನಿ ತೊಟ್ಟಿಕ್ಕುತ್ತದೆ. ಬಾಲ್ದಿ ಇಡುತ್ತೇವೆ, ಬೆಳಿಗ್ಗೆ ಸರಿ ಮಾಡುತ್ತೇವೆ. ತಾರಸಿ ಮಾತ್ರ ತನ್ನ ಕಾಯಿಲೆಯನ್ನು ವರ್ಷಗಟ್ಟಲೆ ಒಳಗೇ ಇಟ್ಟುಕೊಳ್ಳುತ್ತದೆ. ಗೋಡೆಯಲ್ಲಿ ಕಲೆ ಕಾಣುವಾಗ ಒಳಗೆ ಬಹಳಷ್ಟು ಕೆಟ್ಟಿರುತ್ತದೆ. ನಮ್ಮ ಸಂಸಾರ, ಸಂಸ್ಥೆ, ಜಮಾಅತ್‌ಗಳ ಕಥೆಯೂ ಬಹುಮಟ್ಟಿಗೆ ಹೀಗೆಯೇ. 'ಇಲ್ಲಿ ಸೋರುತ್ತಿದೆ' ಎಂದು ಹೇಳಿದವನನ್ನು ನಾವು ಶತ್ರುವೆಂದು ಕಾಣುತ್ತೇವೆ. ಕಲೆಯ ಮೇಲೆ ಬಣ್ಣ ಬಳಿದು ಸುಮ್ಮನಾಗುತ್ತೇವೆ. ದೋಷವೇ ಇಲ್ಲವೆಂದು ತೋರಿಸಿಕೊಳ್ಳುವ ಸಂಸ್ಥೆಗಿಂತ, ತನ್ನ ದೋಷವನ್ನು ಬೇಗ ಹೊರಗೆ ಹೇಳುವ ಸಂಸ್ಥೆಗೆ ಬಾಳಿಕೆ ಜಾಸ್ತಿ.

ಕಟ್ಟುವುದಕ್ಕೆ ನಾವು ಧಾರಾಳಿಗಳು. ಹೊಸ ಮಸೀದಿ, ಹೊಸ ಮದ್ರಸ ಎಂದರೆ ಹಣ ಹರಿದು ಬರುತ್ತದೆ. ಹೆಸರು ಕೆತ್ತಿದ ಕಲ್ಲು ಗೋಡೆಯಲ್ಲಿ ಕೂರುತ್ತದೆ. ಆದರೆ ಒಡೆದ ಹಂಚು ಬದಲಿಸಿದವನ ಹೆಸರು ಯಾವ ಕಲ್ಲಿನಲ್ಲೂ ಇರುವುದಿಲ್ಲ. ಇಸ್ಲಾಮೀ ಕರ್ಮಶಾಸ್ತ್ರದ ವಿದ್ವಾಂಸರು ಮನುಷ್ಯನ ಈ ದೌರ್ಬಲ್ಯವನ್ನು ಅರಿತಿದ್ದರೆನಿಸುತ್ತದೆ. ವಕ್ಫ್ ಆಸ್ತಿಯ ಆದಾಯದಿಂದ ಮೊದಲು ಆಗಬೇಕಾದದ್ದು ಆ ಆಸ್ತಿಯ ದುರಸ್ತಿ, ದಾನಿ ಅದನ್ನು ಷರತ್ತಾಗಿ ಹೇಳಿರದಿದ್ದರೂ ಸರಿ ಎಂಬುದು ಹನಫೀ ಕರ್ಮಶಾಸ್ತ್ರದ ನಿಯಮ. ಫಲಾನುಭವಿಗಳ ಸರದಿ ಆಮೇಲೆ. ಮಾಡು ಕುಸಿದರೆ ಮುಂದಿನ ಫಲಾನುಭವಿಗೆ ಏನೂ ಉಳಿಯುವುದಿಲ್ಲ ತಾನೇ? ಅಲ್ಪವಾದರೂ ಸರಿ, ನಿರಂತರವಾಗಿ ಮಾಡುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ವರ್ಷಕ್ಕೊಮ್ಮೆ ಮಾಡು ಹತ್ತಿ ಕಸ ಗುಡಿಸುವುದು, ನೀರು ಹೋಗುವ ಕೊಳವೆ ಬಿಡಿಸುವುದು ಇಂತಹ ಅಲ್ಪ ಕರ್ಮಗಳೇ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಮದೀನಾದ ಪ್ರವಾದಿ ಮಸೀದಿಗೆ ಆರಂಭದಲ್ಲಿ ಇದ್ದದ್ದು ಖರ್ಜೂರದ ಗರಿಯ ಮಾಡು. ರಮಝಾನಿನ ಒಂದು ರಾತ್ರಿ ಮಳೆಗೆ ಅದು ಸೋರಿ, ಬೆಳಗಿನ ನಮಾಝಿನ ಬಳಿಕ ಪ್ರವಾದಿ(ಸ)ಯವರ ಹಣೆಯಲ್ಲಿ ಕೆಸರಿನ ಗುರುತು ಕಂಡಿತೆಂದು ಹದೀಸ್‌ನಲ್ಲಿದೆ. ಸೋರುವ ಮಾಡಿನಡಿಯಲ್ಲಿ ಅಂತಹ ಸುಜೂದ್ ಸಾಧ್ಯವಾಗಿರುವಾಗ, ಮಾಡಿನ ಬಗ್ಗೆ ಇಷ್ಟೊಂದು ಚಿಂತೆ ಏಕೆ? ನಿಜ, ಆ ಪ್ರಸಂಗ ನಮ್ಮ ಆಡಂಬರಕ್ಕೆ ಬುದ್ಧಿ ಹೇಳುತ್ತದೆ. ಆದರೆ ತನ್ನ ತಲೆಯ ಮೇಲಿನ ಹನಿಯನ್ನು ಸಹಿಸಿಕೊಳ್ಳುವುದು ಬೇರೆ, ನೆರೆಮನೆಯವರ ತಲೆಯ ಮೇಲಿನ ಹನಿಯನ್ನು ಸಹಿಸಿಕೊಳ್ಳುವುದು ಬೇರೆ. ಮೊದಲನೆಯದು ಸಹನೆ, ಎರಡನೆಯದು ನಿರ್ಲಕ್ಷ್ಯ.

ಉಮರ್(ರ)ರ ಕಾಲದ ಒಂದು ಪ್ರಸಂಗ ವರದಿಯಾಗಿದೆ. ಅಬ್ಬಾಸ್(ರ)ರ ಮನೆಯ ಮಾಡಿನ ನೀರುಕೊಳವೆಯಿಂದ ದಾರಿಗೆ ನೀರು ಬಿದ್ದು ಉಮರ್(ರ)ರ ಬಟ್ಟೆ ಕೆಟ್ಟಿತು. ಅವರು ಕೊಳವೆಯನ್ನು ಕೀಳಿಸಿದರು. ಆ ಕೊಳವೆಯನ್ನು ಪ್ರವಾದಿ(ಸ)ಯವರೇ ಇರಿಸಿದ್ದೆಂದು ಅಬ್ಬಾಸ್(ರ) ತಿಳಿಸಿದಾಗ, ಖಲೀಫರು ತಮ್ಮ ಬೆನ್ನ ಮೇಲೆ ಅವರನ್ನು ಹತ್ತಿಸಿ ಅದನ್ನು ಅದೇ ಜಾಗದಲ್ಲಿ ಮತ್ತೆ ಇರಿಸುವಂತೆ ಮಾಡಿದರು. ಮಳೆ ಅಪರೂಪವಾದ ನಾಡಿನಲ್ಲೂ ಸೂರಿನ ನೀರು ಯಾರ ಮೇಲೆ ಬೀಳುತ್ತದೆ ಎಂಬುದು ನ್ಯಾಯದ ಪ್ರಶ್ನೆಯಾಗಿತ್ತು. ಮಳೆಯೇ ಬದುಕಾದ ನಮ್ಮಲ್ಲಿ, ನಮ್ಮ ಅಂಗಳಕ್ಕೆ ಇಂಟರ್‌ಲಾಕ್ ಹಾಸಿ ನೀರನ್ನೆಲ್ಲ ಪಕ್ಕದ ಮನೆಯ ಪಾಯಕ್ಕೆ ತಿರುಗಿಸುವವರು ಇದನ್ನು ಓದಿಕೊಳ್ಳಬೇಕು.

ಪ್ರತಿ ಊರಿನಲ್ಲೂ ಮಳೆಗಾಲಕ್ಕೆ ನೀಲಿ ಟರ್ಪಾಲು ಹೊದ್ದು ಕೂರುವ ಮನೆಗಳು ಕೆಲವಾದರೂ ಇವೆ. ವಿಧವೆಯರ ಮನೆ, ಕಾಯಿಲೆ ಬಿದ್ದ ಕೂಲಿಯವರ ಮನೆ. ಅವರಿಗೆ ಹೊಸ ಮನೆ ಕಟ್ಟಿಸಿಕೊಡುವ ಶಕ್ತಿ ಎಲ್ಲ ಜಮಾಅತ್‌ಗಳಿಗೂ ಇರಲಾರದು. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ನಾಲ್ಕು ಯುವಕರು ಮತ್ತು ಒಬ್ಬ ಬಲ್ಲ ಮೇಸ್ತ್ರಿ ಮನೆ ಮನೆಗೆ ಹೋಗಿ, ಒಡೆದ ಹಂಚು ಬದಲಿಸಿ, ಗೆದ್ದಲು ತಿಂದ ರೀಪು ತೆಗೆದು, ಬಿರುಕು ಮುಚ್ಚಿ ಬರುವುದು ಯಾವ ಊರಿಗೂ ಅಸಾಧ್ಯವಲ್ಲ. ಆ ಮನೆ ಯಾವ ಧರ್ಮದವರದು ಎಂದು ಕೇಳುವ ಅಗತ್ಯವೂ ಇಲ್ಲ. ಮುಳಿಹುಲ್ಲು ಹೊದಿಸುತ್ತಿದ್ದ ಕಾಲದ ನೆರೆಹೊರೆ ಹುಲ್ಲಿನೊಂದಿಗೇ ಹೋಗಬೇಕೆಂದೇನೂ ಇಲ್ಲ. ಹೊಸ ಗುಮ್ಮಟಕ್ಕೆ ಸಂಗ್ರಹಿಸುವ ಹಣದಲ್ಲಿ ಒಂದು ಸಣ್ಣ ಪಾಲು ಸಾಕು.

ಯಾವ ಮಾಡು ಬಾಳಿಕೆ ಬರುತ್ತದೆ ಎಂಬ ಪ್ರಶ್ನೆಗೆ ಮೇಸ್ತ್ರಿಯ ಉತ್ತರ ಇಷ್ಟು: ಇಳಿಜಾರು ಇರಲಿ, ನೀರು ನಿಲ್ಲದಿರಲಿ, ಸೂರು ಚಾಚಿರಲಿ, ಗಾಳಿಯಾಡಲಿ. ಅದಕ್ಕೆ ನಾವು ಒಂದನ್ನು ಸೇರಿಸಬಹುದು. ಮಳೆಗೆ ಮುಂಚೆ ಯಾರಾದರೂ ಏಣಿ ಇಟ್ಟು ಹತ್ತಿ ನೋಡಲಿ. ಸ್ವತಃ ಹತ್ತಲಾರದವರ ಮನೆಗೆ ನಾವು ಏಣಿ ಹೊತ್ತು ಹೋಗೋಣ.