ನೀರಿನ ಲೆಕ್ಕ, ಗಾಳಿಯ ಋಣ

ಸಹಪ್ರಯಾಣದಲ್ಲಿ ಒಬ್ಬನು ಮುಂದಾಲೋಚನೆಯಿಂದ ತನ್ನ ಪಾಲಿನ ನೀರನ್ನು ಉಳಿಸಿಕೊಂಡಿರುತ್ತಾನೆ. ಇನ್ನೊಬ್ಬನು ಉದಾಸೀನದಿಂದ ಅದನ್ನು ಮೊದಲೇ ಮುಗಿಸಿರುತ್ತಾನೆ. ಉಳಿಸಿದವನು ಮುಗಿಸಿದವನಿಗೆ ನೀರು ಕೊಡುವುದು ದಯೆಯೋ, ಕರ್ತವ್ಯವೋ? ಮೇಲ್ನೋಟಕ್ಕೆ ಇದು ಕೇವಲ ದಯೆಯೆಂದೇ ತೋರುತ್ತದೆ. ವಿಚಾರಿಸಿ ನೋಡಿದರೆ ಹಾಗಲ್ಲ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಹತ್ತು ಮಂದಿ ತರುಣರು ರಾಜಸ್ಥಾನದ ಜೈಸಲ್ಮೇರದಿಂದ ಸಮ್ ಗ್ರಾಮದ ಮರಳುದಿಬ್ಬಗಳಿಗೆ ಸೈಕಲ್ ಮೇಲೆ ಹೊರಟಿರುವರೆಂದು ಭಾವಿಸಬಹುದು. ದಾರಿ ಸುಮಾರು 40 ಕಿಲೋಮೀಟರ್; ಅದೇ ದಿನ ಮರಳುವುದಾದರೆ ಅದರ ಇಮ್ಮಡಿ. ಬಿಸಿಲಿನಲ್ಲಿ ಪೆಡಲು ತುಳಿಯುವವನ ಮೈಯಿಂದ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹರಿಯಬಲ್ಲುದು. ಒಂದು ಲೀಟರ್ ನೀರೆಂದರೆ ಒಂದು ಕಿಲೋ ಭಾರ. ಆದ್ದರಿಂದ ಅಲ್ಲಿ ಪ್ರತಿ ಗುಟುಕಿಗೂ ಲೆಕ್ಕವುಂಟು.

ಆದರೆ ಲೆಕ್ಕಕ್ಕೆ ಸಿಗದ ಇನ್ನೊಂದು ವಸ್ತುವಿದೆ. ಎದುರುಗಾಳಿಯಲ್ಲಿ ಸಾಲಾಗಿ ಸಾಗುವಾಗ ಮುಂದಿನವನು ಗಾಳಿಯನ್ನು ತನ್ನ ಎದೆಯಿಂದ ಸೀಳುತ್ತಾನೆ. ಅವನ ಮರೆಯಲ್ಲಿ ಹತ್ತಿರದಿಂದ ಬರುವವನಿಗೆ ಶ್ರಮದಲ್ಲಿ ಸುಮಾರು ಕಾಲುಭಾಗ ಉಳಿತಾಯವಾಗುತ್ತದೆ. ಆದುದರಿಂದಲೇ ಅನುಭವಿಗಳು ಸರದಿಯಂತೆ ಮುಂದಾಳಾಗುತ್ತಾರೆ. ಶ್ರಮ ಕಡಿಮೆಯಾದರೆ ಬೆವರೂ ಕಡಿಮೆ, ಬಾಯಾರಿಕೆಯೂ ಕಡಿಮೆ. ಮಧ್ಯಾಹ್ನ ಒಬ್ಬನ ಬಾಟಲಿಯಲ್ಲಿ ನೀರು ಉಳಿದಿದ್ದರೆ ಅದಕ್ಕೆ ಅವನ ಸಂಯಮದ ಜೊತೆಗೆ ಇತರರ ಬೆನ್ನೂ ಕಾರಣ. ಆ ಬೆನ್ನುಗಳಲ್ಲಿ ನೀರು ಮುಗಿಸಿದವನದೂ ಒಂದು. ಈ ಋಣ ಯಾವ ಕೀರ್ದಿಯಲ್ಲಿಯೂ ಜಮೆಯಾಗಿಲ್ಲ. ಜಮೆಯಾಗದ ಮಾತ್ರಕ್ಕೆ ಅದು ತೀರಿದಂತಾಗುವುದಿಲ್ಲ.

ಹಾಗಾದರೆ ಅವಿವೇಕಕ್ಕೆ ಕ್ಷಮೆಯೇ ಬಹುಮಾನವೇ? ಅಲ್ಲ. ತಪ್ಪಿದವನಿಗೆ ಬುದ್ಧಿ ಹೇಳಲೇಬೇಕು. ಮರುದಿನ ಅವನು ಹೆಚ್ಚು ಭಾರ ಹೊರುವುದು ನ್ಯಾಯವೇ. ಆದರೆ ನೀರು ಮೊದಲು, ಬುದ್ಧಿವಾದ ಆಮೇಲೆ. ಬಾಯಾರಿಕೆಯನ್ನೇ ಶಿಕ್ಷೆಯಾಗಿ ಮಾಡಿದರೆ ತಪ್ಪಿಗೂ ದಂಡಕ್ಕೂ ಪ್ರಮಾಣವೇ ಉಳಿಯುವುದಿಲ್ಲ. ಕೊಡುವುದಕ್ಕೂ ಒಂದು ಮಿತಿಯುಂಟು: ಕೊಟ್ಟವನೇ ಕುಸಿದರೆ ಒಬ್ಬನ ಬದಲು ಇಬ್ಬರು ಬಿದ್ದಂತೆ. ಅಂತಹ ಸಂದರ್ಭದಲ್ಲಿ ಹತ್ತು ಮಂದಿಯೂ ವೇಗ ತಗ್ಗಿಸಿ, ನೆರಳು ಹುಡುಕಿ, ದಾರಿಯನ್ನೇ ಮೊಟಕುಗೊಳಿಸುವುದು ಉಚಿತ. ಗುರಿ ತಲುಪದ ಸಂಘಕ್ಕೆ ನಷ್ಟ ಒಂದು ದಿನದ್ದು. ಸಂಗಾತಿಯನ್ನು ಬಿಟ್ಟು ಗುರಿ ಮುಟ್ಟಿದ ಸಂಘ ಸಂಘವಾಗಿಯೇ ಉಳಿಯುವುದಿಲ್ಲ.

ಇದು ಮರುಭೂಮಿಯ ಮಾತು ಮಾತ್ರವಲ್ಲ. 2016ರ ಏಪ್ರಿಲಿನಲ್ಲಿ ಕಾಗವಾಡಕ್ಕೆ ಸಮೀಪದ ಮಿರಜದಿಂದ ಬರಪೀಡಿತ ಲಾತೂರಿಗೆ ರೈಲಿನಲ್ಲಿ ನೀರು ಹೋಯಿತು. ಮೊದಲ ಗಾಡಿಯಲ್ಲಿದ್ದುದು ಸುಮಾರು 5 ಲಕ್ಷ ಲೀಟರ್. ಆ ಸೀಮೆಯಲ್ಲಿ ಕಬ್ಬು ಬೆಳೆದು ಅಂತರ್ಜಲ ಬರಿದು ಮಾಡಿದರೆಂಬ ಟೀಕೆ ಆಗಲೂ ಇತ್ತು. ಟೀಕೆ ಮುಗಿಯಲೆಂದು ರೈಲು ಕಾಯಲಿಲ್ಲ. ಕಾಲುವೆಯ ತಲೆಭಾಗದ ರೈತನೂ ಇದನ್ನು ನೆನೆಯತಕ್ಕದ್ದು. ತನ್ನ ಹೊಲಕ್ಕೆ ಮೊದಲು ನೀರು ಬರುವುದು ತನ್ನ ಜಾಣತನದಿಂದಲ್ಲ, ಹೊಲವಿರುವ ಜಾಗದಿಂದ. ತನ್ನದೆಂಬುದರಲ್ಲಿ ಅನ್ಯರ ಪಾಲೆಷ್ಟು ಎಂದು ಎಣಿಸಬಲ್ಲವನೇ ನಿಜವಾದ ಲೆಕ್ಕಿಗ.