ಕಳಂಕವು ಯಾರಿಗೆ?

ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ಶಿವಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಅಲ್ಲಗಳೆದರು. ದೇಹಕ್ಕೆ ಒದಗಿದುದು ಮನುಷ್ಯನನ್ನು ಮಲಿನಗೊಳಿಸಲಾರದು, ತಾನಾಗಿ ಎಸಗಿದ ದುಷ್ಕೃತ್ಯವೇ ಮೈಲಿಗೆಯೆಂಬುದು ಆ ನಿಲುವಿನ ತಿರುಳು. ಈ ತತ್ತ್ವವನ್ನು ನಿತ್ಯವೂ ಕೇಳುವ ನಾವು, ಬಾಲೆಯೊಬ್ಬಳ ಮೇಲೆ ಅತ್ಯಾಚಾರವಾದಾಗ ಮಾತ್ರ ‘ಮಾನ ಹೋಯಿತು’ ಎನ್ನುತ್ತೇವೆ. ಹೋದ ಮಾನವು ಯಾರದು?

ಈ ಪ್ರಶ್ನೆಯು ದೂರದ್ದಲ್ಲ. ಮಾಲೂರು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯೊಂದರಲ್ಲಿ ಚಿತ್ರಕಲೆಯ ಶಿಕ್ಷಕನೇ ಬಾಲಕಿಯರು ಉಡುಪು ಬದಲಿಸುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದನೆಂಬ ಆರೋಪವು 2023ರ ಡಿಸೆಂಬರಿನಲ್ಲಿ ಹೊರಬಂದಿತು. ಮೊಕದ್ದಮೆಯನ್ನು ರದ್ದುಪಡಿಸಲು ಉಚ್ಚ ನ್ಯಾಯಾಲಯವು 2024ರಲ್ಲಿ ನಿರಾಕರಿಸಿತು. ಅಷ್ಟಾವರಣಗಳಲ್ಲಿ ಗುರುವಿಗೆ ಮೊದಲ ಸ್ಥಾನವನ್ನಿತ್ತ ಸಮಾಜವು ಇಂತಹ ಆರೋಪವನ್ನು ಕೇಳಿ ಸುಮ್ಮನಿರಲಾಗದು.

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರಗಳ ಹಳ್ಳಿಹಳ್ಳಿಗೂ ಮೊಬೈಲು ಬಂದಿರುವ ಇಂದು, ವಂಚಕನು ಬಾಗಿಲಿಗೆ ಬರಬೇಕಾದುದಿಲ್ಲ. ಮೊದಲು ಹೊಗಳಿಕೆ, ಬಳಿಕ ಸ್ನೇಹ, ಆಮೇಲೆ ‘ಮನೆಯಲ್ಲಿ ಹೇಳಬೇಡ’ ಎಂಬ ಗುಟ್ಟು, ಅನಂತರ ಒಂದು ಭಾವಚಿತ್ರ, ಕಡೆಗೆ ಅದನ್ನೇ ತೋರಿಸಿ ಬೆದರಿಕೆ. ಹೀಗೆ ಬಲೆಯು ಎಳೆಎಳೆಯಾಗಿ ಬಿಗಿಯುತ್ತದೆ.

ಇಲ್ಲಿ ಸದ್ಗೃಹಸ್ಥರೊಬ್ಬರು ಕೇಳಬಹುದು: ‘ಭಾವಚಿತ್ರವನ್ನು ಅವಳೇ ಕಳುಹಿಸಿದಳಲ್ಲವೆ? ಅವಳ ತಪ್ಪೂ ಇಲ್ಲವೆ?’ ಅವಳಲ್ಲಿದ್ದುದು ನಂಬಿಕೆ, ಅವನಲ್ಲಿದ್ದುದು ಹಂಚಿಕೆ. ಎಳೆತನದ ನಂಬಿಕೆಯನ್ನು ಪಾಪವೆಂದು ಎಣಿಸಿದರೆ, ಕಳ್ಳನನ್ನು ಬಿಟ್ಟು ಕಳೆದುಕೊಂಡವರನ್ನು ದಂಡಿಸಿದಂತಾಗುವುದು. ಹದಿನೆಂಟು ತುಂಬದವರನ್ನು ‘ಮಗು’ವೆಂದೇ ಕರೆದ 2012ರ ಪೋಕ್ಸೋ ಕಾನೂನು ಅವಳ ಒಪ್ಪಿಗೆಯನ್ನು ಅಪರಾಧಿಗೆ ರಕ್ಷೆಯಾಗಿ ಎಣಿಸುವುದಿಲ್ಲ.

‘ಮದುವೆಯ ಹುಡುಗಿ, ಮುಚ್ಚಿಡುವುದೇ ಲೇಸು’ ಎಂಬುದು ಇನ್ನೊಂದು ಮಾತು. ಮುಚ್ಚಿಟ್ಟ ಗಾಯವು ಮಾಯುವುದಿಲ್ಲ. ನಿದ್ರೆಯಲ್ಲಿ ಬೆಚ್ಚುವುದು, ಓದಿನಲ್ಲಿ ಮನಸ್ಸು ನಿಲ್ಲದಿರುವುದು, ಸ್ಪರ್ಶಕ್ಕೆ ನಡುಗುವುದು, ತನ್ನನ್ನೇ ತಾನು ಹಳಿದುಕೊಳ್ಳುವುದು ವರ್ಷಗಟ್ಟಲೆ ಉಳಿಯಬಹುದು. ತಾಯಿಯಾದ ಮೇಲೂ ಒಂದು ದನಿ, ಒಂದು ವಾಸನೆ ಆ ದಿನವನ್ನು ಮರಳಿ ತರಬಹುದು. ಹೇಳಿಕೊಂಡಾಗ ಮೊದಲು ಕೇಳಿದವರು ನಂಬಿದರೆ ಚೇತರಿಕೆಗೆ ದಾರಿಯಾಗುತ್ತದೆ. ಬೈದರೆ ಎರಡನೆಯ ಆಘಾತವಾಗುತ್ತದೆ. ಮೇಲಾಗಿ, ನಮ್ಮ ಮೌನವು ಕಾಯುವುದು ಮಗಳನ್ನಲ್ಲ, ಅಪರಾಧಿಯನ್ನು. ಅವನು ಇನ್ನೊಂದು ಮನೆಯ ಮಗುವನ್ನು ಅರಸುತ್ತಾನೆ. ಮಗುವಿನ ಹೆಸರನ್ನು ಪತ್ರಿಕೆಗಳು ಪ್ರಕಟಿಸದಂತೆಯೂ, ಹೇಳಿಕೆಯನ್ನು ಮನೆಯಲ್ಲಿಯೇ, ಸಾಧ್ಯವಾದಷ್ಟು ಮಹಿಳಾ ಅಧಿಕಾರಿಯು ಸಮವಸ್ತ್ರವಿಲ್ಲದೆ ಬರೆದುಕೊಳ್ಳುವಂತೆಯೂ ಅದೇ ಕಾನೂನು ವಿಧಿಸಿದೆ. ಅಪರಾಧವನ್ನು ತಿಳಿದವರು ತಿಳಿಸಲೇಬೇಕೆಂಬುದೂ ಅದರ ಕಟ್ಟಳೆಯೇ.

ಆದುದರಿಂದ ಗೃಹಸ್ಥರು ಮಾಡಬೇಕಾದುದು ಸ್ಪಷ್ಟವಾಗಿದೆ. ‘ಹೇಳಿದರೆ ಮೊಬೈಲು ಕಸಿದುಕೊಳ್ಳುವರು, ಶಾಲೆ ಬಿಡಿಸುವರು’ ಎಂಬ ಅಂಜಿಕೆಯಿದ್ದ ಮನೆಯಲ್ಲಿ ಮಗಳು ಬಾಯಿ ಬಿಡಲಾರಳು. ಆ ಅಂಜಿಕೆಯನ್ನು ಮುಂಚಿತವಾಗಿಯೇ ನೀಗಿಸಿರಿ. ಹೇಳಿದ ದಿನ ಪ್ರಶ್ನೆಗಳ ಮಳೆಗರೆಯದೆ, ‘ನಿನ್ನ ತಪ್ಪಿಲ್ಲ, ನಾವಿದ್ದೇವೆ’ ಎನ್ನಿರಿ. ಬೆದರಿಕೆಯ ಸಂದೇಶಗಳನ್ನು ಅಳಿಸದೆ ಉಳಿಸಿಕೊಂಡು 1098ಕ್ಕೆ ಕರೆಮಾಡಿರಿ. ವೈದ್ಯರ ಬಳಿಗೂ ಮನೋವೈದ್ಯರ ಬಳಿಗೂ ಅಳುಕದೆ ಕರೆದೊಯ್ಯಿರಿ. ಗಂಡುಮಕ್ಕಳಿಗೂ ಪರರ ದೇಹವು ತಮ್ಮ ಸ್ವತ್ತಲ್ಲವೆಂಬ ಪಾಠವನ್ನು ಮನೆಯಲ್ಲಿಯೇ ಕಲಿಸಿರಿ.

ಸೂತಕವಿಲ್ಲವೆಂದು ಬಾಯಲ್ಲಿ ನುಡಿದು, ನೊಂದ ಬಾಲೆಯನ್ನು ಮೂಲೆಗೆ ಕೂರಿಸುವುದು ಶರಣಧರ್ಮವಲ್ಲ. ಅವಳನ್ನು ಮೊದಲಿನಂತೆಯೇ ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಉಣ್ಣುವ ಮನೆಯಲ್ಲಿ ಆ ಧರ್ಮವು ಬಾಳುತ್ತದೆ.